ಜರ್ಮನಿಯಲ್ಲಿ ನರ್ಸ್ ಆಗೋದು ವೀಸಾ ಬಂದ ಮೇಲೆ

ಬಳ್ಳಾರಿಯಲ್ಲಿ ಕೂತು ನಾನು ಮಾಡುವ ಕೆಲಸ ಇಷ್ಟೇ. ನರ್ಸಿಂಗ್ ಮುಗಿಸಿ ಜರ್ಮನಿಗೆ ಹೊರಟವರ ಕಾಗದಪತ್ರ ಸರಿ ಮಾಡಿಸುತ್ತೇನೆ, ಸಂದರ್ಶನಕ್ಕೆ ತಯಾರು ಮಾಡುತ್ತೇನೆ, ಹೋದ ಮೇಲೆ ಅವರ ಫೋನ್ ಎತ್ತುತ್ತೇನೆ. ಮೂರನೆಯದಕ್ಕೆ ಯಾರೂ ದುಡ್ಡು ಕೊಡುವುದಿಲ್ಲ. ಆದರೆ ನನಗೆ ಗೊತ್ತಿರುವುದರಲ್ಲಿ ಅರ್ಧಕ್ಕಿಂತ ಜಾಸ್ತಿ ಆ ಫೋನ್‌ಗಳಿಂದಲೇ ಬಂದದ್ದು. ಸಿರುಗುಪ್ಪ, ಸಿಂಧನೂರು, ಗಂಗಾವತಿ ಕಡೆಯಿಂದ ಬರುವ ಅಪ್ಪ-ಅಮ್ಮ ಮೊದಲು ಕೇಳುವುದು "ಪಗಾರ ಎಷ್ಟು ಬರ್ತೈತ್ರಿ ಮೇಡಂ?" ಅಂತ. "ಹೋದ ದಿನ ನಮ್ಮ ಹುಡುಗಿನ್ನ ಯಾವ ಹುದ್ದೆಗೆ ತಗೋತಾರ?" ಎಂದು ಕೇಳಿದವರು ತೀರಾ ಕಡಿಮೆ.

ಕೇಳಬೇಕಾದದ್ದು ಅದೇ. ಯಾಕಂದ್ರೆ ಇಲ್ಲಿಂದ ಹೋದ ನರ್ಸ್ ಅಲ್ಲಿ ಇಳಿದ ದಿನ ಸಾಮಾನ್ಯವಾಗಿ ನರ್ಸ್ ಅಲ್ಲ, ಸಹಾಯಕಿ. ಸಂಬಳವೂ ಸಹಾಯಕಿಯದ್ದೇ. ಜರ್ಮನಿಯಲ್ಲಿ ನರ್ಸ್ ಎಂದು ಕರೆಸಿಕೊಳ್ಳಲು ಸರ್ಕಾರದ ಪರವಾನಗಿ ಬೇಕು. ಅದನ್ನು ಕೊಡುವುದು ಅಲ್ಲಿನ ರಾಜ್ಯಗಳು. ಒಟ್ಟು 16 ರಾಜ್ಯ, ಒಂದೊಂದಕ್ಕೂ ತನ್ನದೇ ಕಚೇರಿ. ಆ ಕಚೇರಿಯವರು ನಮ್ಮ ಪಠ್ಯಕ್ರಮವನ್ನು ಅವರದರ ಜೊತೆ ತಾಳೆ ಹಾಕುತ್ತಾರೆ. ಅವರ ಮೂರು ವರ್ಷದ ಕೋರ್ಸಿನಲ್ಲಿ ಕನಿಷ್ಠ 2,100 ಗಂಟೆ ಪಾಠ, 2,500 ಗಂಟೆ ವಾರ್ಡ್ ಕೆಲಸ. ನಮ್ಮದರಲ್ಲಿ ಏನು ಕಡಿಮೆ ಇದೆ ಎಂದು ಒಂದು ಪತ್ರ ಬರುತ್ತದೆ. ವೃದ್ಧರ ಆರೈಕೆಯಲ್ಲಿ ಗಂಟೆ ಸಾಲದು ಎಂಬ ಮಾತು ಅದರಲ್ಲಿ ಆಗಾಗ ಇರುತ್ತದೆ. ಕೊರತೆ ತುಂಬಿಸಲು ಎರಡು ದಾರಿ. ಒಂದು ಪರೀಕ್ಷೆ, ಇನ್ನೊಂದು ವಾರ್ಡಿನಲ್ಲೇ ನಡೆಯುವ ಹೊಂದಾಣಿಕೆ ತರಬೇತಿ. ಯಾವುದು ಬೇಕೆಂದು ಆರಿಸುವ ಹಕ್ಕು ನರ್ಸ್‌ದೇ. ಪರೀಕ್ಷೆ ಬೇಗ ಮುಗಿಯುತ್ತದೆ ಎಂದು ಎಲ್ಲರೂ ಅದರ ಹಿಂದೆ ಬೀಳುತ್ತಾರೆ. ಮೌಖಿಕದಲ್ಲಿ ಬಾಯಿ ಕಟ್ಟುವವರಿಗೆ ನಾನು ತರಬೇತಿಯನ್ನೇ ಹೇಳುತ್ತೇನೆ, ನಿಧಾನವಾದರೂ ಪರವಾಗಿಲ್ಲ.

ಇಲ್ಲೊಂದು ಕಾಗದದ ವಿಷಯ. ನಮ್ಮ ಅಂಕಪಟ್ಟಿಯಲ್ಲಿ ಅಂಕ ಇರುತ್ತದೆ, ಗಂಟೆ ಇರುವುದಿಲ್ಲ. ಯಾವ ವಿಷಯಕ್ಕೆ ಎಷ್ಟು ಗಂಟೆ ಪಾಠ, ಯಾವ ವಾರ್ಡಿನಲ್ಲಿ ಎಷ್ಟು ಗಂಟೆ ಡ್ಯೂಟಿ ಎಂದು ಕಾಲೇಜು ಬೇರೆಯಾಗಿ ಬರೆದು ಸೀಲು ಹಾಕಿ ಕೊಡಬೇಕು. ಆರು ವರ್ಷ ಬಿಟ್ಟು ಹೋಗಿ ಕೇಳಿದರೆ ಪ್ರಿನ್ಸಿಪಾಲರು ಬದಲಾಗಿರುತ್ತಾರೆ, ರಿಜಿಸ್ಟರ್ ಯಾವ ಬೀರುವಿನಲ್ಲಿದೆ ಎಂದು ಯಾರಿಗೂ ಗೊತ್ತಿರುವುದಿಲ್ಲ. ಕೋರ್ಸ್ ಮುಗಿದ ವಾರವೇ ಇಸಿದುಕೊಳ್ಳಿ. ಹೆಸರಿನದ್ದೂ ಅದೇ ಕಥೆ. ಎಸ್ಸೆಸ್ಸೆಲ್ಸಿಯಲ್ಲಿ ಬರೀ ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ಅಪ್ಪನ ಹೆಸರು, ನರ್ಸಿಂಗ್ ಕೌನ್ಸಿಲ್ ನೋಂದಣಿಯಲ್ಲಿ ಮನೆತನದ ಹೆಸರು. ಜರ್ಮನಿಯ ಗುಮಾಸ್ತನ ಕಣ್ಣಿಗೆ ಇವರು ಮೂರು ಜನ!

ಕಾಗದ ಹೇಗೋ ಆಗುತ್ತದೆ. ಏಟು ಬೀಳುವುದು ವಾರ್ಡಿನಲ್ಲಿ. ನಮ್ಮ ಆಸ್ಪತ್ರೆಗಳಲ್ಲಿ ರೋಗಿಯ ಮೈ ಒರೆಸುವುದು, ಉಣ್ಣಿಸುವುದು, ಬೆಡ್‌ಪ್ಯಾನ್ ಹಿಡಿಯುವುದು ಮನೆಯವರ ಪಾಲಿಗೆ, ಇಲ್ಲವಾದರೆ ಆಯಾ ಪಾಲಿಗೆ. ನರ್ಸ್ ಕೈಗೆ ಇಂಜೆಕ್ಷನ್, ಡ್ರಿಪ್, ಕೇಸ್‌ಶೀಟ್. ಜರ್ಮನಿಯಲ್ಲಿ ಮನೆಯವರು ನೋಡಲು ಬಂದು ಮಾತಾಡಿಸಿ ಹೋಗುತ್ತಾರೆ. ಮೈ ತೊಳೆಸುವುದು ಓದಿದ ನರ್ಸ್‌ನ ಕೆಲಸವೇ. ಬೆನ್ನಿನ ಚರ್ಮ ಎಲ್ಲಿ ಕೆಂಪಾಗಿದೆ, ನಿನ್ನೆಗಿಂತ ಇವತ್ತು ಉಸಿರು ಜೋರಾಗಿದೆಯಾ, ಬಲಗೈ ಎತ್ತಲು ಆಗುತ್ತಿದೆಯಾ ಎಂದು ಅವರು ನೋಡಿಕೊಳ್ಳುವುದು ಆ ಹೊತ್ತಿನಲ್ಲಿ. ಇತ್ತ ಡ್ರಿಪ್ಪಿಗೆ ಸೂಜಿ ಹಾಕುವುದು ಅಲ್ಲಿ ಹಲವು ಆಸ್ಪತ್ರೆಗಳಲ್ಲಿ ಡಾಕ್ಟರ್ ಕೆಲಸ. ಇಲ್ಲಿ ಐಸಿಯುನಲ್ಲಿ ವರ್ಷಗಟ್ಟಲೆ ದುಡಿದು, ನರ ಸಿಗದ ಮುದುಕರಿಗೂ ಒಂದೇ ಸಲಕ್ಕೆ ಸೂಜಿ ಹಾಕುತ್ತಿದ್ದ ಹುಡುಗಿ ಫೋನ್ ಮಾಡಿ ಅಳುತ್ತಾಳೆ: "ಅಕ್ಕಾ, ನಾನಿಲ್ಲಿ ಆಯಾ ಆಗೀನಿ."

ಅವಳು ಆಯಾ ಆಗಿಲ್ಲ, ಅಲ್ಲಿ ನರ್ಸಿಂಗ್ ಅಂದರೇ ಅದು. ಆದರೆ ಇದನ್ನು ಅವಳಿಗೆ ಮೊದಲೇ ಯಾರೂ ಹೇಳಿರುವುದಿಲ್ಲ. ಹೊರದೇಶದವಳು ಎಂದು ನನಗೆ ಕೀಳು ಕೆಲಸ ಕೊಡುತ್ತಾರೆ ಎಂದು ಇವಳು ಅಂದುಕೊಳ್ಳುತ್ತಾಳೆ. ಈಕೆಗೆ ರೋಗಿಯ ಮೈ ಮುಟ್ಟಲು ಅಸಹ್ಯ ಎಂದು ಅಲ್ಲಿನ ಸಹೋದ್ಯೋಗಿಗಳು ಅಂದುಕೊಳ್ಳುತ್ತಾರೆ. ಎರಡು ತಿಂಗಳಲ್ಲಿ ಎರಡೂ ಕಡೆ ಮಾತು ನಿಂತಿರುತ್ತದೆ. ನಾನು ಕಂಡಂತೆ ಕೆಲಸ ಬಿಟ್ಟು ಬರುವ ಯೋಚನೆ ಶುರುವಾಗುವುದು ಇಲ್ಲೇ. ಚಳಿ, ಊಟ ಎಲ್ಲ ಆಮೇಲಿನ ಮಾತು. ಶೇಂಗಾ ಚಟ್ನಿ ಹೇಗೂ ಸೂಟ್‌ಕೇಸಿನಲ್ಲಿ ಹೋಗಿರುತ್ತದೆ.

ಭಾಷೆಯ ವಿಷಯಕ್ಕೆ ಬಂದರೆ, ಪರವಾನಗಿಗೆ ಸಾಮಾನ್ಯವಾಗಿ ಬಿ2 ಮಟ್ಟದ, ಅಂದರೆ ಆರು ಹಂತಗಳಲ್ಲಿ ನಾಲ್ಕನೆಯ ಹಂತದ, ಜರ್ಮನ್ ಬೇಕು. ಸರ್ಟಿಫಿಕೇಟ್ ಇದ್ದವರೂ ವಾರ್ಡಿನಲ್ಲಿ ಮೂರು ಕಡೆ ಸಿಕ್ಕಿಬೀಳುತ್ತಾರೆ: ಫೋನ್, ಡ್ಯೂಟಿ ಬದಲಾಗುವಾಗಿನ ಹ್ಯಾಂಡೋವರ್ (ಮುಂದಿನ ಪಾಳಿಯವರಿಗೆ ರೋಗಿಗಳ ಸ್ಥಿತಿ ಹೇಳಿ ಒಪ್ಪಿಸುವುದು), ಹಲ್ಲಿಲ್ಲದ ಅಜ್ಜನ ಹಳ್ಳಿ ಜರ್ಮನ್. ಅದಕ್ಕಿಂತ ದೊಡ್ಡ ತೊಂದರೆ ನಮ್ಮ "ಹೂಂ". ಅರ್ಥವಾಗದಿದ್ದರೂ ಹಿರಿಯರ ಮುಂದೆ ತಲೆ ಆಡಿಸುವುದು ನಮಗೆ ಮರ್ಯಾದೆ. ಔಷಧದ ಡೋಸ್ ಹೇಳುವಾಗ ಆ "ಹೂಂ" ಅಪಾಯ. ಹಾಗಾಗಿ ತಯಾರಿಗೆ ಬಂದವರ ಕೋಣೆಯಲ್ಲಿ ನಾನು ಟಿವಿ ಜೋರಾಗಿ ಹಾಕಿ, ಪಕ್ಕದ ಕೋಣೆಯಿಂದ ಫೋನಿನಲ್ಲಿ ಐದು ರೋಗಿಗಳ ಹ್ಯಾಂಡೋವರ್ ಗಡಗಡನೆ ಹೇಳುತ್ತೇನೆ. ತಿರುಗಿಸಿ ಹೇಳಬೇಕು, ಇಲ್ಲವಾದರೆ "ಇನ್ನೊಮ್ಮೆ ಹೇಳಿ" ಅನ್ನಬೇಕು. ಸುಮ್ನೆ ಹೂಂ ಅಂದವರಿಗೆ ಮೊದಲಿಂದ ಶುರು.

ಜರ್ಮನಿಯವರು ಭಾಷೆಯ ಬೆನ್ನು ಬಿದ್ದಿರುವುದು ಕಾಡಿಸಲಿಕ್ಕಲ್ಲ. 1955ರಲ್ಲಿ ಇಟಲಿಯ ಜೊತೆ, 1961ರಲ್ಲಿ ಟರ್ಕಿಯ ಜೊತೆ ಒಪ್ಪಂದ ಮಾಡಿಕೊಂಡು ಗಣಿಗೆ, ಕಾರ್ಖಾನೆಗೆ ಜನ ಕರೆಸಿದರು. ದುಡಿದು ವಾಪಸ್ ಹೋಗುತ್ತಾರೆ ಎಂದೇ ಲೆಕ್ಕ, ಹಾಗಾಗಿ ಭಾಷೆ ಕಲಿಸುವ ಗೋಜಿಗೆ ಹೋಗಲಿಲ್ಲ. 1973ರಲ್ಲಿ ನೇಮಕ ನಿಲ್ಲಿಸಿದರು. ಬಹಳಷ್ಟು ಜನ ಊರಿಗೆ ಮರಳಿದರು, ಆದರೆ ಲಕ್ಷಾಂತರ ಜನ ಉಳಿದು ಸಂಸಾರ ಕರೆಸಿಕೊಂಡರು. ಬಂದವರಿಗೆ ಭಾಷೆ ಮತ್ತು ಅಲ್ಲಿನ ಕಾನೂನು, ರೀತಿನೀತಿ ಕಲಿಸುವ ಕೋರ್ಸು ಕಾಯ್ದೆಯಾಗಿ ಬಂದದ್ದು 2005ರಲ್ಲಿ. ಈಗ ಬಾಗಿಲು ಅಗಲವಾಗಿದೆ. ಭಾರತದ ಕುಶಲ ಕೆಲಸಗಾರರಿಗೆ ವರ್ಷಕ್ಕೆ 20,000 ಇದ್ದ ವೀಸಾ ಮಿತಿಯನ್ನು 90,000ಕ್ಕೆ ಏರಿಸುವುದಾಗಿ 2024ರಲ್ಲಿ ಘೋಷಿಸಿದರು. ಆದರೆ ಮಾನ್ಯತೆ ಕೊಡುವ ಕಚೇರಿಗಳಲ್ಲಿ ಕಡತ ಈಗಲೂ ತಿಂಗಳುಗಟ್ಟಲೆ ಕೂರುತ್ತದೆ. ವೀಸಾ ಜಾಸ್ತಿ ಮಾಡಿದಷ್ಟು ಸುಲಭವಾಗಿ ಈ ಕಡತ ಓಡಿಸಲು ಅವರಿಗೆ ಬಂದಿಲ್ಲ ಎಂಬುದು ನನ್ನ ದೂರು.

ಉಕ್ಕಿನ ಕಾರ್ಖಾನೆ ಇರುವ ತೋರಣಗಲ್ಲು ಕಡೆಯ ಐಟಿಐ ಹುಡುಗರೂ ಬಂದು ಕೇಳುತ್ತಾರೆ. 2024ರ ಮಾರ್ಚಿನಿಂದ ಅನುಭವದ ಮೇಲೆ ವೀಸಾ ಕೊಡುವ ದಾರಿ ಇದೆ. ಆದರೆ ಓದಿದ ಕೋರ್ಸು ಕನಿಷ್ಠ ಎರಡು ವರ್ಷದ್ದಿರಬೇಕು. ಫಿಟರ್, ಎಲೆಕ್ಟ್ರಿಷಿಯನ್ ಕೋರ್ಸು ಎರಡು ವರ್ಷ, ಒಳಗೆ. ವೆಲ್ಡರ್ ಒಂದೇ ವರ್ಷ, ಹೊರಗೆ. ಉಕ್ಕಿನ ಕಾರ್ಖಾನೆಯಲ್ಲಿ ಹತ್ತು ವರ್ಷ ಬೆಸುಗೆ ಹಾಕಿದವನಿಗೆ ಇದನ್ನು ಹೇಳುವಾಗ ನನಗೇ ಕಸಿವಿಸಿ. ಅಂದಹಾಗೆ, ಅದೇ ತೋರಣಗಲ್ಲಿಗೆ ಜಾರ್ಖಂಡ್, ಒಡಿಶಾದಿಂದ ಬಂದವರಿಗೆ ಸುರಕ್ಷತೆಯ ಪಾಠವನ್ನು ಅವರ ಭಾಷೆಯಲ್ಲಿ ಹೇಳುವ ಗುತ್ತಿಗೆದಾರರು ಎಷ್ಟು ಜನ?

ದುಡ್ಡಿನ ಮಾತು. ನೋಂದಾಯಿತ ಏಜೆಂಟ್ ತೆಗೆದುಕೊಳ್ಳಬಹುದಾದ ಸೇವಾ ಶುಲ್ಕ ನಮ್ಮ ಕಾನೂನಿನಲ್ಲಿ 30,000 ರೂಪಾಯಿ, ಮೇಲೆ ಜಿಎಸ್‌ಟಿ. ಹೊಲ ಅಡವಿಟ್ಟು ಲಕ್ಷಗಟ್ಟಲೆ ಕೊಟ್ಟು ಬಂದವರನ್ನು ನೋಡಿದ್ದೇನೆ. ಏಜೆಂಟ್ ನೋಂದಣಿ ಇದೆಯಾ ಎಂದು ಕೇಂದ್ರ ಸರ್ಕಾರದ ಇ-ಮೈಗ್ರೇಟ್ ತಾಣದಲ್ಲಿ ನೋಡಬಹುದು. ಕೇರಳ 2021ರಲ್ಲೇ ಹೊರಗೆ ದುಡಿಯುವ ಮಲಯಾಳಿಗಳಿಗೆಂದು ಇರುವ ತನ್ನ ನೋರ್ಕಾ ಸಂಸ್ಥೆಯ ಮೂಲಕ ಜರ್ಮನ್ ಸರ್ಕಾರಿ ಸಂಸ್ಥೆಗಳ ಜೊತೆ ಒಪ್ಪಂದ ಮಾಡಿಕೊಂಡಿತು. ಆ ಯೋಜನೆಯಲ್ಲಿ ನೇಮಕಾತಿಗೆಂದು ನರ್ಸ್ ದುಡ್ಡು ಕೊಡಬೇಕಿಲ್ಲ.

ಸಂದರ್ಶನದಲ್ಲಿ ಹುಡುಗಿಯರಿಂದ ನಾನು ಕೇಳಿಸುವುದು ಹೀಗೆ. ನಮಗೆ ಕೆಲಸ ತೋರಿಸಿಕೊಡಲು ಯಾವ ಹಿರಿಯ ನರ್ಸ್ ಇರುತ್ತಾರೆ? ಪರೀಕ್ಷೆಗೆ ಓದಲು ಡ್ಯೂಟಿಯಿಂದ ವಾರಕ್ಕೆ ಎಷ್ಟು ಗಂಟೆ ಬಿಡುವು, ಅದು ಕರಾರಿನಲ್ಲಿ ಇದೆಯಾ? ಮಧ್ಯೆ ಬಿಟ್ಟರೆ ಎಷ್ಟು ದುಡ್ಡು ವಾಪಸ್ ಕಟ್ಟಬೇಕು? ಆ ಪರೀಕ್ಷೆಯಲ್ಲಿ ಫೇಲಾದ ಭಾಗವನ್ನು ಮತ್ತೆ ಎದುರಿಸಲು ಇರುವುದು ಒಂದೇ ಅವಕಾಶ, ಹಾಗಾಗಿ ಆ ಬಿಡುವು ಬಾಯಿಮಾತಿನಲ್ಲಿ ಇರಬಾರದು. ಇವಕ್ಕೆ ತಡವರಿಸದೆ ಉತ್ತರ ಕೊಡುವ ಆಸ್ಪತ್ರೆಗೇ ಹೋಗು ಅನ್ನುತ್ತೇನೆ, ಸಂಬಳ ತಿಂಗಳಿಗೆ ನೂರು ಯೂರೋ ಕಡಿಮೆ ಇದ್ದರೂ.