ಅಮ್ಮನಿಗೆ ಇಜಿಎಫ್‌ಆರ್ ಮ್ಯುಟೇಶನ್ ಅಂತೆ, ಮಕ್ಕಳಿಗೂ ಬರುತ್ತಾ?

"ನಮ್ಮಮ್ಮ ಬೀಡಿ, ಸಿಗರೇಟು ಮುಟ್ಟಿದವರಲ್ಲ. ಆದರೂ ಶ್ವಾಸಕೋಶದ ಕ್ಯಾನ್ಸರ್. ರಿಪೋರ್ಟಿನಲ್ಲಿ ಇಜಿಎಫ್‌ಆರ್ ಮ್ಯುಟೇಶನ್ ಪಾಸಿಟಿವ್ ಅಂತಿದೆ. ಜೀನ್ ಅಂದಮೇಲೆ ನಮಗೂ ಬರುತ್ತೆ, ಅಲ್ವಾ?"

ಇಲ್ಲ. ಎಷ್ಟು ಸಲ ಕೇಳಿದರೂ ಉತ್ತರ ಇದೇ. ಇಜಿಎಫ್‌ಆರ್ ಅನ್ನುವುದು ಕೋಶಕ್ಕೆ ಬೆಳೆಯಲು ಹೇಳುವ ಜೀನ್, ಮ್ಯುಟೇಶನ್ ಅಂದರೆ ಅದರಲ್ಲಾದ ದೋಷ.

ಜೀನ್ ಅಂದ ತಕ್ಷಣ ವಂಶದ ಕಾಯಿಲೆ ಅಂತ ಯಾರು ಹೇಳಿಕೊಟ್ಟರೋ ಗೊತ್ತಿಲ್ಲ. ಸ್ತನ ಕ್ಯಾನ್ಸರಿನ ಬಿಆರ್‌ಸಿಎ ಜೀನಿನ ಕತೆ ಕೇಳಿ ಇದನ್ನೂ ಅದರ ಜೊತೆ ಸೇರಿಸಿಬಿಟ್ಟಿದ್ದಾರೆ. ಬಿಆರ್‌ಸಿಎ ದೋಷವನ್ನು ಹುಟ್ಟುವಾಗಲೇ ಹೊತ್ತು ಬರುವವರಿದ್ದಾರೆ, ನಿಜ. ನಿಮ್ಮಮ್ಮನದು ಹಾಗಲ್ಲ. ಶ್ವಾಸಕೋಶದ ಯಾವುದೋ ಒಂದು ಜೀವಕೋಶದಲ್ಲಿ, ಯಾವುದೋ ವಯಸ್ಸಿನಲ್ಲಿ, ಆ ಜೀನ್ ಕೆಟ್ಟಿತು. ಅದರಿಂದ ಹುಟ್ಟಿದ ಕೋಶಗಳೇ ಗಡ್ಡೆಯಾದವು. ದೋಷ ಇರುವುದು ಆ ಗಡ್ಡೆಯಲ್ಲಿ, ಅಂಡಾಣುವಿನಲ್ಲಿ ಅಲ್ಲ. ಅಮ್ಮನ ಕೈ ಸುಟ್ಟು ಕಲೆಯಾದರೆ ಮಗುವಿನ ಕೈಯಲ್ಲೂ ಕಲೆ ಇರುತ್ತಾ? ಹುಟ್ಟಿನಿಂದ ಬರುವ ಇಜಿಎಫ್‌ಆರ್ ದೋಷವೂ ಇದೆ, ಆದರೆ ತೀರಾ ಅಪರೂಪ. ಅನುಮಾನ ಬಂದರೆ ಡಾಕ್ಟರೇ ಹೇಳುತ್ತಾರೆ. ಮಗಳ ಸಂಬಂಧ ತಪ್ಪಿಹೋಗುತ್ತೆ ಅಂತ ರಿಪೋರ್ಟ್ ಬಚ್ಚಿಡುವವರನ್ನು ನೋಡಿದರೆ ನನಗೆ ಸಿಟ್ಟೇ ಬರುತ್ತದೆ.

ಅಸಲಿಗೆ ಅದು ಬಚ್ಚಿಡಬೇಕಾದ ಸುದ್ದಿಯೂ ಅಲ್ಲ. ನಮ್ಮ ದೇಶದಲ್ಲಿ ಅಡಿನೋಕಾರ್ಸಿನೋಮ ಅನ್ನುವ ಬಗೆಯ ಶ್ವಾಸಕೋಶದ ಕ್ಯಾನ್ಸರ್ ಇರುವ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಈ ಮ್ಯುಟೇಶನ್ ಇರುತ್ತದೆ. ಅವರಿಗೆ ಮಾತ್ರೆ ಇದೆ.

ಯಾರೂ ಕೇಳದ, ಆದರೆ ಕೇಳಬೇಕಾದ ಪ್ರಶ್ನೆ ಬೇರೆ: ಟೆಸ್ಟಿಗೆ ದುಡ್ಡಿಲ್ಲ, ಸುಮ್ನೆ ಮಾತ್ರೆ ಶುರು ಮಾಡಬಹುದಾ? ಬೇಡ. 2009ರಲ್ಲಿ ಪ್ರಕಟವಾದ ಐಪಾಸ್ ಅಧ್ಯಯನದಲ್ಲಿ ಮ್ಯುಟೇಶನ್ ಇದ್ದವರಿಗೆ ಜೆಫಿಟಿನಿಬ್ ಮಾತ್ರೆ ಕಿಮೋಗಿಂತ ಚೆನ್ನಾಗಿ ಕೆಲಸ ಮಾಡಿತು. ಇಲ್ಲದವರಲ್ಲಿ ಕಿಮೋ ಪಡೆದವರಿಗಿಂತ ಮಾತ್ರೆ ತೆಗೆದುಕೊಂಡವರಿಗೇ ಕಾಯಿಲೆ ಬೇಗ ಹೆಚ್ಚಿತು. ಹಳ್ಳಿಯ ಬಡವರಿಗೆ ಪೆಟ್ಟು ಬೀಳುವುದು ಇಲ್ಲೇ. ಕೆಮ್ಮು ಅಂದರೆ ಟಿಬಿ ಅಂತ ತಿಂಗಳುಗಟ್ಟಲೆ ಮಾತ್ರೆ ನುಂಗುತ್ತಾರೆ, ಆಮೇಲೆ ಬಯಾಪ್ಸಿ, ಜೀನ್ ಟೆಸ್ಟ್ ಮಾತ್ರ ಬಿಟ್ಟೇಹೋಗುತ್ತದೆ.

ಹೊಸ ದುಬಾರಿ ಔಷಧಿ ಕೈಗೆಟುಕದಿದ್ದರೆ ಎಲ್ಲಾ ಮುಗೀತು ಅಂತಲೂ ಅಲ್ಲ. ಮುಂಬೈನ ಟಾಟಾ ಮೆಮೋರಿಯಲ್‌ನವರು ಮ್ಯುಟೇಶನ್ ಇದ್ದ 350 ಜನರ ಮೇಲೆ ಪ್ರಯೋಗ ಮಾಡಿದರು. ಬರೀ ಜೆಫಿಟಿನಿಬ್ ಕೊಟ್ಟಾಗ ಕಾಯಿಲೆ ಸುಮಾರು 8 ತಿಂಗಳು ಹತೋಟಿಯಲ್ಲಿತ್ತು, ಜೊತೆಗೆ ಕಿಮೋ ಕೊಟ್ಟಾಗ ಸುಮಾರು 16 ತಿಂಗಳು. ಅಡ್ಡಪರಿಣಾಮ ಜಾಸ್ತಿ, ಒಪ್ಪಿದೆ. ಆದರೆ ಎರಡೂ ಹಳೆಯ ಔಷಧಿಗಳೇ, ಜೆನೆರಿಕ್‌ನಲ್ಲಿ ಸಿಗುತ್ತವೆ.

ಇನ್ನೊಂದು ಮಾತು. ದೊಡ್ಡ ಆಸ್ಪತ್ರೆಗೆ ಹೋಗುವಾಗ ಬರೀ ಸ್ಕ್ಯಾನ್ ಸಿಡಿ ಹಿಡಿದು ಹೋಗಬೇಡಿ. ಬಯಾಪ್ಸಿ ಮಾಡಿದ ಲ್ಯಾಬಿನಲ್ಲಿ ಬ್ಲಾಕ್ (ಗಡ್ಡೆಯ ತುಣುಕು ಇಟ್ಟಿರುವ ಮೇಣದ ತುಂಡು), ಸ್ಲೈಡ್ ಎರಡನ್ನೂ ಕೇಳಿ ಪಡೆಯಿರಿ. ಜೀನ್ ಟೆಸ್ಟ್ ಸಾಮಾನ್ಯವಾಗಿ ಆ ಮೇಣದ ಬ್ಲಾಕಿನ ಮೇಲೇ ಮಾಡುವುದು. ಅದಿದ್ದರೆ ಎಷ್ಟೋ ಸಲ ಮತ್ತೆ ಸೂಜಿ ಚುಚ್ಚಿಸಿಕೊಳ್ಳುವುದು ತಪ್ಪುತ್ತದೆ.