ಯೂನಿವರ್ಸಿಟಿ ಲೈಬ್ರರಿಯನ್‌ಗೆ ದಿನವಿಡೀ ಏನು ಕೆಲಸ?

ಪ್ರಶ್ನೆ: ಡಿಗ್ರಿ ಮುಗಿಯುತ್ತಾ ಬಂತು. ಪುಸ್ತಕ ಅಂದ್ರೆ ನನಗೆ ಪ್ರಾಣ. ಯೂನಿವರ್ಸಿಟಿ ಲೈಬ್ರರಿಯಲ್ಲಿ ಕೆಲಸ ಮಾಡಬೇಕು ಅಂತ ಆಸೆ. ಮನೆಯಲ್ಲಿ ಮಾತ್ರ "ಎಲ್ಲಾ ಫೋನಲ್ಲೇ ಸಿಗುತ್ತೆ, ಅಲ್ಲಿ ಕೂತು ಏನು ಮಾಡ್ತೀಯ?" ಅಂತಾರೆ. ಆ ಕೆಲಸದಲ್ಲಿ ದಿನವಿಡೀ ಏನಿರುತ್ತದೆ? ಅಲ್ಲಿಗೆ ಹೋಗುವ ದಾರಿ ಯಾವುದು?

ಉತ್ತರ: ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಕೆಲಸದ ಹೊತ್ತಿನಲ್ಲಿ ಕೂತು ಪುಸ್ತಕ ಓದಲು ಸಮಯ ಸಿಗುವುದಿಲ್ಲ. ಕೈಗೆ ನೂರಾರು ಪುಸ್ತಕ ಬರುತ್ತವೆ. ಮುಖಪುಟ, ಪರಿವಿಡಿ, ಮುನ್ನುಡಿಯ ಒಂದೆರಡು ಪ್ಯಾರಾ ನೋಡಿ ಮುಂದಕ್ಕೆ ಸಾಗಿಸುತ್ತೇವೆ. ಪುಸ್ತಕದ ಮೇಲೆ ಪ್ರೀತಿ ಬೇಕೇ ಬೇಕು. ಆದರೆ ಅದಕ್ಕಿಂತ ಜಾಸ್ತಿ ಬೇಕಾದದ್ದು ಮನುಷ್ಯರ ಪ್ರಶ್ನೆಗಳ ಮೇಲಿನ ಕುತೂಹಲ. ಎದುರಿಗೆ ನಿಂತವರು ಕೇಳುವುದು ಒಂದು, ಅವರಿಗೆ ಬೇಕಾಗಿರುವುದು ಇನ್ನೊಂದು. ಆ ಎರಡರ ನಡುವಿನ ದೂರ ದಾಟಿಸುವುದೇ ನಮ್ಮ ಕೆಲಸ.

ಒಂದು ಉದಾಹರಣೆ ಪೂರ್ತಿ ಹೇಳುತ್ತೇನೆ. ಒಬ್ಬ ವಿದ್ಯಾರ್ಥಿನಿ ಕೌಂಟರ್‌ಗೆ ಬಂದು "ನೀರಿನ ಬಗ್ಗೆ ಪುಸ್ತಕ ಎಲ್ಲಿವೆ?" ಅಂದಳು. ಕಪಾಟು ತೋರಿಸಿ ಕಳಿಸಿಬಿಡಬಹುದಿತ್ತು. ಆದರೆ ಯಾವ ಕಪಾಟು? ಮೆಲ್ವಿಲ್ ಡ್ಯೂಯಿ 1876ರಲ್ಲಿ ಪ್ರಕಟಿಸಿದ, ಒಂದೊಂದು ವಿಷಯಕ್ಕೂ ಒಂದು ನಂಬರ್ ಕೊಡುವ ದಶಮಾಂಶ ವರ್ಗೀಕರಣ ಇವತ್ತಿಗೂ ಎಷ್ಟೋ ಲೈಬ್ರರಿಗಳಲ್ಲಿ ಬಳಕೆಯಲ್ಲಿದೆ. ಅದರಲ್ಲಿ ಅಂತರ್ಜಲದ ನಂಬರ್ 551.49. ಊರಿಗೆ ನೀರು ಪೂರೈಸುವ ಎಂಜಿನಿಯರಿಂಗ್ 628.1. ಎರಡರ ನಡುವೆ ಸಾಲು ಸಾಲು ಕಪಾಟು. "ಯಾತಕ್ಕೆ ಬೇಕಿತ್ತು?" ಅಂತ ಕೇಳಿದೆ. ಪ್ರಾಜೆಕ್ಟ್ ಅಂದಳು. "ನೀರನ್ನೇ ಯಾಕೆ ಆರಿಸಿಕೊಂಡೆ?" ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, ತಮ್ಮನ ಹಲ್ಲು ಕಂದು ಬಣ್ಣಕ್ಕೆ ತಿರುಗಿದೆ, ಬಾವಿ ನೀರಿನಿಂದ ಹೀಗಾಗಿದೆ ಅಂತ ಡಾಕ್ಟರ್ ಹೇಳಿದ್ದಾರೆ ಅಂದಳು. ಅಂದರೆ ಅವಳಿಗೆ ಬೇಕಾಗಿದ್ದದ್ದು ನೀರಿನ ಪುಸ್ತಕವೇ ಅಲ್ಲ. ಅಂತರ್ಜಲದಲ್ಲಿರುವ ಫ್ಲೋರೈಡ್ ಮಕ್ಕಳ ಹಲ್ಲಿಗೆ ಏನು ಮಾಡುತ್ತದೆ ಅನ್ನುವ ಸಂಶೋಧನೆ. ದಂತವೈದ್ಯದ ನಂಬರ್ 617.6. ಅದು ಮತ್ತೊಂದು ಕಪಾಟು.

ಇಂಥ ಮಾತುಕತೆಗೆ ನಮ್ಮಲ್ಲಿ ರೆಫರೆನ್ಸ್ ಇಂಟರ್‌ವ್ಯೂ ಅಂತ ಹೆಸರು. ನೋಡುವವರಿಗೆ ಸುಮ್ನೆ ಹರಟೆ ಹೊಡೆದ ಹಾಗೆ ಕಾಣುತ್ತದೆ. ಆದರೆ ಅಲ್ಲಿ ಎರಡು ನಿಮಿಷ ಉಳಿಸಲು ಹೋದರೆ ವಿದ್ಯಾರ್ಥಿ ಎರಡು ದಿನ ತಪ್ಪು ಕಪಾಟಿನ ಮುಂದೆ ಕಳೆಯುತ್ತಾನೆ.

ಆಮೇಲೆ ಇಬ್ಬರೂ ಒಂದೇ ಸ್ಕ್ರೀನ್ ಮುಂದೆ ಕೂತೆವು. ಫ್ಲೋರೈಡ್, ಅದು ಜಾಸ್ತಿಯಾಗಿ ಬರುವ ಫ್ಲೋರೋಸಿಸ್ ಕಾಯಿಲೆ, ಎರಡರ ಹೆಸರನ್ನೂ ನಡುವೆ 'ಆರ್' (ಯಾವುದಾದರೂ ಒಂದಿದ್ದರೆ ಸಾಕು) ಹಾಕಿ ಒಂದು ಬ್ರಾಕೆಟ್ಟಿನಲ್ಲಿಟ್ಟೆವು. ಮಕ್ಕಳನ್ನು ಸೂಚಿಸುವ ಮೂರು ನಾಲ್ಕು ಪದಗಳು ಇನ್ನೊಂದು ಬ್ರಾಕೆಟ್ಟಿಗೆ ಹೋದವು. ಅಂತರ್ಜಲ, ಬಾವಿ ನೀರು, ಕುಡಿಯುವ ನೀರು ಮೂರನೆಯದಕ್ಕೆ. ಬ್ರಾಕೆಟ್ಟುಗಳ ನಡುವೆ 'ಆಂಡ್' (ಎಲ್ಲವೂ ಇರಲೇಬೇಕು). 'ಆರ್' ಹಾಕಿದಷ್ಟೂ ಬಲೆ ದೊಡ್ಡದಾಗುತ್ತದೆ, 'ಆಂಡ್' ಹಾಕಿದಷ್ಟೂ ಕಿರಿದಾಗುತ್ತದೆ. ಇಷ್ಟು ಕೈಗೆ ಹತ್ತಿದರೆ ಅವಳು ಮುಂದೆ ಯಾವ ಡೇಟಾಬೇಸ್ ತೆರೆದರೂ ಯಾರ ಹಂಗೂ ಇಲ್ಲ. ಇದನ್ನೇ ತರಗತಿಗಳಿಗೆ ಹೋಗಿ ಕಲಿಸುವುದೂ ನಮ್ಮ ಕೆಲಸ. ಕೆಲವು ವಾರ ಪಾಠ ಮಾಡುವುದರಲ್ಲೇ ಕಳೆದುಹೋಗುತ್ತದೆ.

ಇನ್ನು ನಿಮ್ಮ ಮನೆಯವರ ಮಾತು. ಫೋನಲ್ಲಿ ಸಿಗುತ್ತದೆ, ನಿಜ. ಕ್ಯಾಂಪಸ್ಸಿನಲ್ಲಿ ಫೋನ್ ತೆರೆದಾಗ ಒಂದು ಸಂಶೋಧನಾ ಲೇಖನ ಪಟ್ ಅಂತ ಪೂರ್ತಿ ಬಂತು ಅಂದರೆ, ಬಹಳ ಸಲ ಅದರ ಹಿಂದೆ ಲೈಬ್ರರಿ ಕಟ್ಟಿದ ಚಂದಾ ಇರುತ್ತದೆ. ಇ-ಜರ್ನಲ್ ಅನ್ನುವುದು ಅಚ್ಚಾದ ಪುಸ್ತಕದ ಹಾಗೆ ಕೊಂಡು ಇಟ್ಟುಕೊಳ್ಳುವ ವಸ್ತುವಲ್ಲ. ಹೆಚ್ಚಾಗಿ ಬಾಡಿಗೆಯ ಲೆಕ್ಕ. ಎಷ್ಟು ಜನ ಓದಬಹುದು, ಮನೆಯಿಂದ ಓದಬಹುದಾ, ಚಂದಾ ನಿಲ್ಲಿಸಿದರೆ ಹಳೆಯ ಸಂಚಿಕೆಗಳು ಉಳಿಯುತ್ತವಾ, ಎಲ್ಲವನ್ನೂ ಕರಾರಿನಲ್ಲಿ ಸಾಲು ಸಾಲಾಗಿ ಓದಿ ಚೌಕಾಸಿ ಮಾಡಬೇಕು. ಬೆಲೆ ಏರುತ್ತಾ ಹೋಗುತ್ತದೆ, ಬಜೆಟ್ ಹಾಗೆ ಏರುವುದಿಲ್ಲ. ಹಾಗಾಗಿ ಪ್ರತಿ ವರ್ಷ ಕೆಲವನ್ನು ಬಿಡಬೇಕಾಗುತ್ತದೆ. ಯಾವ ಜರ್ನಲ್ ಎಷ್ಟು ಬಳಕೆಯಾಯಿತು ಅಂತ ಪ್ರಕಾಶಕರು ಒಂದೇ ಅಳತೆಯಲ್ಲಿ ವರದಿ ಕೊಡಲು ಕೌಂಟರ್ (COUNTER) ಅನ್ನುವ ಮಾನದಂಡವಿದೆ. ಮೊದಲ ಆವೃತ್ತಿ ಬಂದದ್ದು 2003ರಲ್ಲಿ. ಆ ವರದಿಯಲ್ಲಿ ಒಂದು ಜರ್ನಲ್ ಎದುರು 1,200 ಇದ್ದು ಇನ್ನೊಂದರ ಎದುರು 9 ಇದೆ ಅಂದುಕೊಳ್ಳಿ. ಲೆಕ್ಕ ಎರಡನೆಯದನ್ನು ಬಿಡು ಅನ್ನುತ್ತದೆ. ಆದರೆ ಆ ಒಂಬತ್ತೂ ಒಬ್ಬಳೇ ಪಿಎಚ್‌ಡಿ ವಿದ್ಯಾರ್ಥಿನಿಯ ಓದಾಗಿದ್ದರೆ? ಅವಳ ಇಡೀ ವಿಷಯಕ್ಕೆ ಅದೊಂದೇ ಜರ್ನಲ್ ಆಗಿದ್ದರೆ? ಬೇರೆ ಲೈಬ್ರರಿಯಿಂದ ಲೇಖನ ತರಿಸಿಕೊಡುವ ವ್ಯವಸ್ಥೆ ಇದೆ, ಅದನ್ನು ಮಾಡುತ್ತೇವೆ. ಆದರೂ ಅಂಥ ಸಂಖ್ಯೆ ಹೊಡೆದುಹಾಕುವ ಮುಂಚೆ ಆ ವಿಭಾಗಕ್ಕೆ ಒಮ್ಮೆ ನಡೆದುಹೋಗಿ ಕೇಳಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಫೋನಲ್ಲಿ ಸಿಕ್ಕಿದ್ದು ನಿಜವಾ ಅನ್ನುವುದು ಇನ್ನೊಂದು ದೊಡ್ಡ ಕೆಲಸವಾಗಿದೆ. ಕೃತಕ ಬುದ್ಧಿಮತ್ತೆಯ ಚಾಟ್‌ಬಾಟ್ ಕೊಟ್ಟ ಆಕರಪಟ್ಟಿ ಹಿಡಿದು ಒಬ್ಬ ಹುಡುಗ ಬಂದಿದ್ದ. ಒಂದು ಲೇಖನ ಎಷ್ಟು ಹುಡುಕಿದರೂ ಸಿಗುತ್ತಿಲ್ಲ ಅಂದ. ಲೇಖಕರು ನಿಜ, ಜರ್ನಲ್ ನಿಜ, ಸಂಪುಟವೂ ಇದೆ. ಆ ಪುಟ ತೆರೆದರೆ ಅಲ್ಲಿ ಬೇರೆ ಯಾರದೋ ಬೇರೆಯೇ ಲೇಖನ. ಒಂದೊಂದು ಲೇಖನವನ್ನೂ ಗುರುತಿಸುವ ಡಿಒಐ ನಂಬರ್ ಹಾಕಿದರೆ ಅಂಥದ್ದು ಇಲ್ಲ ಅಂತ ಬಂತು. ಅಂಥ ಲೇಖನವನ್ನು ಯಾರೂ ಬರೆದೇ ಇರಲಿಲ್ಲ. ಅವನು ಎರಡು ದಿನ ತನ್ನದೇ ತಪ್ಪು ಅಂದುಕೊಂಡು ಹುಡುಕಿದ್ದ, ಪಾಪ. ಪಟ್ಟಿಯ ಒಂದೊಂದು ಸಾಲನ್ನೂ ಹೀಗೇ ಒಟ್ಟಿಗೆ ಪರೀಕ್ಷಿಸಿದೆವು.

ತೆರೆಮರೆಯಲ್ಲಿ ಕ್ಯಾಟಲಾಗಿಂಗ್, ಅಂದರೆ ಒಂದೊಂದು ಪುಸ್ತಕದ ವಿವರ ದಾಖಲಿಸುವ ಕೆಲಸ ನಡೆಯುತ್ತದೆ. 1960ರ ದಶಕದಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ ಹೆನ್ರಿಯೆಟ್ ಏವ್ರಮ್ ಅನ್ನುವ ಪ್ರೋಗ್ರಾಮರ್ ಪುಸ್ತಕದ ವಿವರವನ್ನು ಕಂಪ್ಯೂಟರಿಗೆ ಅರ್ಥವಾಗುವಂತೆ ಬರೆಯುವ ಮಾರ್ಕ್ ಪದ್ಧತಿಯನ್ನು ರೂಪಿಸಿದರು. ಅದರಲ್ಲಿ ಶೀರ್ಷಿಕೆಗೆ 245, ವಿಷಯಕ್ಕೆ 650 ಅಂತ ನಂಬರ್. ಇಂಗ್ಲಿಷ್ ಪುಸ್ತಕದ ಹೆಸರು 'ದಿ' ಅಂತ ಶುರುವಾದರೆ, ಮೂರು ಅಕ್ಷರ ಮತ್ತು ಒಂದು ಖಾಲಿ ಜಾಗ ಬಿಟ್ಟು ಮುಂದಿನ ಪದದಿಂದ ಜೋಡಿಸು ಅಂತ 245ರ ಪಕ್ಕದಲ್ಲಿ 4 ಹಾಕಬೇಕು. ಮರೆತು 0 ಹಾಕಿದರೆ ಅಕಾರಾದಿ ಪಟ್ಟಿಯಲ್ಲಿ ಆ ಪುಸ್ತಕ ಯಾರೂ ನೋಡದ ಜಾಗಕ್ಕೆ ಹೋಗಿ ಕೂರುತ್ತದೆ. ಒಂದೇ ಒಂದು ಅಂಕಿ. ಇಂಥ ಚಿಕ್ಕ ವಿಷಯಕ್ಕೆ ಮನಸ್ಸು ಕೊಡುವವರಿಗೆ ಇದು ಹೇಳಿಮಾಡಿಸಿದ ಜಾಗ.

ಸಂಶೋಧಕರಿಗೆ ನೆರವಾಗುವುದು ಈಚೆಗೆ ಜಾಸ್ತಿಯಾಗಿದೆ. ಸಂಶೋಧನೆ ಎಲ್ಲರಿಗೂ ಉಚಿತವಾಗಿ ಸಿಗಬೇಕು ಅನ್ನುವ ಬುಡಾಪೆಸ್ಟ್ ಘೋಷಣೆ 2002ರಲ್ಲಿ ಬಂದ ಮೇಲೆ, ಪ್ರಾಧ್ಯಾಪಕರ ಲೇಖನಗಳನ್ನು ಸಂಸ್ಥೆಯ ಸ್ವಂತ ರೆಪೊಸಿಟರಿಯಲ್ಲಿ (ಆನ್‌ಲೈನ್ ಸಂಗ್ರಹದಲ್ಲಿ) ಇಡುವ ಕೆಲಸ ಎಷ್ಟೋ ಕಡೆ ಲೈಬ್ರರಿಯ ಪಾಲಿಗೆ ಬಂತು. ಪ್ರಕಾಶಕರು ಯಾವ ಪ್ರತಿಯನ್ನು, ಎಷ್ಟು ತಿಂಗಳ ನಂತರ ಇಡಲು ಬಿಡುತ್ತಾರೆ ಅಂತ ನೋಡಬೇಕು. ದುಡ್ಡು ಕಿತ್ತು ಏನು ಕೊಟ್ಟರೂ ಅಚ್ಚು ಹಾಕುವ ನಕಲಿ ಜರ್ನಲ್‌ಗಳ ಬಗ್ಗೆ ಎಚ್ಚರಿಸಬೇಕು.

ಈಗ ದಾರಿ. ಡಿಗ್ರಿ ಯಾವ ವಿಷಯದ್ದಾದರೂ ಸಾಮಾನ್ಯವಾಗಿ ನಡೆಯುತ್ತದೆ. ರಸಾಯನಶಾಸ್ತ್ರವೋ ಕಾನೂನೋ ಓದಿದ್ದರೆ ಆ ವಿಭಾಗದ ಲೈಬ್ರರಿಯನ್ ಆಗಲು ಅನುಕೂಲವೇ. ಅದರ ಮೇಲೆ ಲೈಬ್ರರಿ ಮತ್ತು ಮಾಹಿತಿ ವಿಜ್ಞಾನದಲ್ಲಿ ಸ್ನಾತಕೋತ್ತರ ಪದವಿಯನ್ನು ಬಹಳ ದೇಶಗಳಲ್ಲಿ ಕೇಳುತ್ತಾರೆ. ಕೆಲವೆಡೆ ಅರ್ಹತಾ ಪರೀಕ್ಷೆಯೂ ಇದೆ. ಅಮೆರಿಕದಂಥ ಕಡೆ ಕೆಲವು ವಿಶ್ವವಿದ್ಯಾಲಯಗಳು ಲೈಬ್ರರಿಯನ್‌ಗಳನ್ನು ಬೋಧಕರ ಸಾಲಿನಲ್ಲೇ ಇಟ್ಟಿವೆ. ಅಲ್ಲಿ ಬಡ್ತಿ ಬೇಕಾದರೆ ನೀವೂ ಸಂಶೋಧನೆ ಪ್ರಕಟಿಸಬೇಕು. ಶುರುವಿನಲ್ಲಿ ಕೌಂಟರ್, ಕ್ಯಾಟಲಾಗಿಂಗ್. ಆಮೇಲೆ ವಿಷಯತಜ್ಞತೆಯ ಕಡೆಗೋ, ಸಾಫ್ಟ್‌ವೇರ್ ಕಡೆಗೋ, ಆಡಳಿತದ ಕಡೆಗೋ ಕವಲೊಡೆಯುತ್ತದೆ. ಮುಖ್ಯಸ್ಥರಾದಷ್ಟೂ ಓದುಗರಿಂದ ದೂರ, ಬಜೆಟ್ಟಿಗೆ ಹತ್ತಿರ. ಇದನ್ನು ಮುಂಚೆಯೇ ತಿಳಿದಿರುವುದು ಒಳ್ಳೆಯದು.

ಬೇಸರ ಬರುತ್ತದಾ ಅಂತ ಭಯವಿದ್ದರೆ ಎಸ್. ಆರ್. ರಂಗನಾಥನ್ ಅವರನ್ನು ನೆನೆಸಿಕೊಳ್ಳಿ. ಗಣಿತದ ಮೇಷ್ಟ್ರಾಗಿದ್ದವರು 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಲೈಬ್ರರಿಯನ್ ಆದರು. ಕೆಲವೇ ದಿನಕ್ಕೆ ಬೇಜಾರಾಗಿ ಪಾಠಕ್ಕೇ ವಾಪಸ್ ಹೋಗುತ್ತೇನೆ ಅಂದರು. ಒಮ್ಮೆ ಲಂಡನ್ನಿಗೆ ಹೋಗಿ ಈ ವಿಷಯ ಓದಿ ಬನ್ನಿ, ಆಮೇಲೂ ಬೇಡ ಅನ್ನಿಸಿದರೆ ನೋಡೋಣ ಅಂತಾಯಿತು. ಅಲ್ಲಿಂದ ಬಂದವರು ಮತ್ತೆ ಲೈಬ್ರರಿ ಬಿಡಲಿಲ್ಲ. 1931ರಲ್ಲಿ ಅವರು ಪ್ರಕಟಿಸಿದ ಐದು ಸೂತ್ರಗಳನ್ನು ಇಂದಿಗೂ ಈ ವಿಷಯದ ವಿದ್ಯಾರ್ಥಿಗಳು ಓದುತ್ತಾರೆ. ನಾಲ್ಕನೆಯ ಸೂತ್ರ, ಓದುಗರ ಸಮಯ ಉಳಿಸಿ ಅನ್ನುವುದು. ಮೇಲೆ ಹೇಳಿದ ಅಷ್ಟೂ ಕೆಲಸ ಅದರೊಳಗೆ ಇದೆ, ಅಲ್ವಾ?

ಕೋರ್ಸಿನ ಅರ್ಜಿ ತುಂಬುವ ಮೊದಲು ಒಂದು ಕೆಲಸ ಮಾಡಿ. ನಿಮ್ಮ ಕಾಲೇಜಿನ ಲೈಬ್ರರಿಯವರನ್ನು ಕೇಳಿಕೊಂಡು ಎರಡು ವಾರ ಕೌಂಟರ್ ಪಕ್ಕ ಕೂರಿ. ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ಎಡಗಡೆ, ಬಂದವರು ಮೊದಲು ಏನು ಕೇಳಿದರು ಅಂತ ಬರೆಯಿರಿ. ಬಲಗಡೆ, ಕೊನೆಗೆ ಏನು ತೆಗೆದುಕೊಂಡು ಹೋದರು ಅಂತ. ಹೆಸರು ಬರೆಯಬೇಡಿ. ಯಾರು ಏನು ಓದುತ್ತಾರೆ ಅನ್ನುವ ಗುಟ್ಟು ಕಾಯುವುದು ನಮ್ಮ ವೃತ್ತಿಯಲ್ಲಿ ಮೊದಲ ದಿನದಿಂದಲೇ ಶುರು. ಎರಡು ವಾರದ ನಂತರ ಆ ನೋಟ್‌ಬುಕ್ ಅನ್ನು ಮನೆಯವರ ಮುಂದೆ ಇಟ್ಟು ಓದಿ ಹೇಳಿ.