ಹಳೆ ಕರ್ನಲ್ ಕೊಟ್ಟು ಹೋಗುವ ನಕ್ಷೆ

ಮಂಗಳೂರಿನ ಬಿಜೈಯಲ್ಲಿರುವ ನಮ್ಮ ಆಫೀಸಿನ ಹಳೆ ಸರ್ವರ್‌ಗೆ ರೀಬೂಟ್ ಕೊಟ್ಟರೆ ಮೊದಲು ಫ್ಯಾನ್‌ಗಳು ಬೊಬ್ಬೆ ಹೊಡೆಯುತ್ತವೆ. ಆಮೇಲೆ ಮೆಮೊರಿ ತಪಾಸಣೆ, ಆಮೇಲೆ ಒಂದೊಂದೇ ಕಾರ್ಡ್. ಕೆಳಗಿಳಿದು ಗೋಳಿಬಜೆ ತಿಂದು ಬಂದರೂ ಲಾಗಿನ್ ಕಾಣುವುದಿಲ್ಲ. ಈ ಕಾಯುವ ಕೆಲಸ ತಪ್ಪಿಸುವುದು ಲಿನಕ್ಸ್‌ನ ಕೆಎಕ್ಸೆಕ್ ಎಂಬ ಸೌಲಭ್ಯ. 2005ರಲ್ಲಿ ಲಿನಕ್ಸ್ 2.6.13ಕ್ಕೆ ಸೇರಿತು. ಯಂತ್ರವನ್ನು ಮೊದಲು ಎಬ್ಬಿಸುವ ಫರ್ಮ್‌ವೇರ್ ಎಂಬ ಒಳಗಿನ ತಂತ್ರಾಂಶದ ಹತ್ತಿರ ಹೋಗದೆ, ಓಡುತ್ತಿರುವ ಕರ್ನಲ್ಲೇ, ಅಂದರೆ ಲಿನಕ್ಸ್‌ನ ತಿರುಳೇ, ಹೊಸ ಕರ್ನಲ್ಲನ್ನು ಎಬ್ಬಿಸುತ್ತದೆ.

ಆದರೆ ಯಾವ ಮೆಮೊರಿ ಮುಟ್ಟಬಹುದು, ಯಾವುದು ಬಾರದು ಎಂದು ಹೇಳುವುದು ಫರ್ಮ್‌ವೇರ್ ತಾನೆ? ಬಯೋಸ್ ಎಂಬ ಹಳೆ ಫರ್ಮ್‌ವೇರ್ ಕಾಲದಿಂದ ಆ ಪಟ್ಟಿಗೆ ಇ820 ಎಂದು ಹೆಸರು. ನಮ್ಮ ಕಡೆಯವರಿಗೆ ಕುಮ್ಕಿ ಗೊತ್ತಲ್ವಾ? ವರ್ಗ ಜಾಗದ, ಅಂದರೆ ಸ್ವಂತ ಹಿಡುವಳಿಯ ಪಕ್ಕದಲ್ಲೇ ಇರುತ್ತದೆ, ಸೊಪ್ಪು ಕಟ್ಟಿಗೆ ತರಬಹುದು, ಜಾಗ ಮಾತ್ರ ಸರ್ಕಾರದ್ದು. ಫರ್ಮ್‌ವೇರ್ ಇಟ್ಟುಕೊಂಡ ಮೆಮೊರಿಯೂ ಹಾಗೇ. ಕೆಎಕ್ಸೆಕ್‌ನಲ್ಲಿ ಗಡಿ ತೋರಿಸುವವನು ಹಳೆ ಕರ್ನಲ್. ಅವನು ತಾನು ತಿದ್ದಿದ ಪ್ರತಿ ಕೊಟ್ಟರೆ ಗಲಾಟೆ. ಅದಕ್ಕೇ 2008ರಲ್ಲಿ, 2.6.27ರಿಂದ, ಫರ್ಮ್‌ವೇರ್ ಕೊಟ್ಟ ಮೂಲ ಪಟ್ಟಿಯನ್ನು ಬೇರೆಯಾಗಿ ತೋರಿಸತೊಡಗಿದರು.

ಬಯೋಸ್ ಬದಲು ಯುಇಎಫ್‌ಐ (ಇಎಫ್‌ಐ ಎಂದೂ ಹೇಳುತ್ತಾರೆ) ಎಂಬ ಹೊಸ ಫರ್ಮ್‌ವೇರ್ ಬಂದ ಮೇಲೆ ಗಂಟು ಜಾಸ್ತಿಯಾಯಿತು. ಫರ್ಮ್‌ವೇರ್‌ನ ಸೇವೆಗಳು ಯಾವ ವರ್ಚುವಲ್ ವಿಳಾಸದಲ್ಲಿ (ಕರ್ನಲ್ ಮೆಮೊರಿಗೆ ತಾನೇ ಇಟ್ಟುಕೊಂಡ ವಿಳಾಸ) ಕೂರಬೇಕು ಎಂದು ಕರ್ನಲ್ ಹೇಳಬೇಕು. ಹೇಳಲು ಸಿಗುವುದು ಒಂದೇ ಸಲ. ಮೊದಲ ಕರ್ನಲ್ ಹೇಳಿಬಿಟ್ಟರೆ ಎರಡನೆಯದಕ್ಕೆ ಬಾಯಿಲ್ಲ. ಸುಮ್ನೆ ಇಂಥ ನಿಯಮ ಯಾಕೆ ಬೇಕಿತ್ತೋ! ಎಷ್ಟೋ ದಿನ ನಾವು ಎರಡನೇ ಕರ್ನಲ್‌ನಲ್ಲಿ ಇಎಫ್‌ಐಯನ್ನೇ ಬಂದ್ ಮಾಡಿ, ಹಾರ್ಡ್‌ವೇರ್ ವಿವರ ಇರುವ ಎಸಿಪಿಐ ಕೋಷ್ಟಕದ ವಿಳಾಸವನ್ನು ಕೈಯಲ್ಲಿ ಟೈಪ್ ಮಾಡುತ್ತಿದ್ದೆವು. ಒಂದು ಅಂಕಿ ತಪ್ಪಿದರೆ ಮತ್ತೆ ಗೋಳಿಬಜೆ.

2014ರ ಲಿನಕ್ಸ್ 3.14ರಲ್ಲಿ ದಾರಿ ಸಿಕ್ಕಿತು. 64 ಬಿಟ್ ಎಕ್ಸ್86 ಪ್ರೊಸೆಸರ್‌ಗಳಲ್ಲಿ ಆ ಸೇವೆಗಳಿಗೆಂದೇ ಒಂದು ವಿಳಾಸದ ಜಾಗ ಮೀಸಲಿಟ್ಟರು. ಮೊದಲ ಕರ್ನಲ್ ಕೂರಿಸಿದ ವಿಳಾಸದಲ್ಲೇ ಎರಡನೆಯದೂ ಅವನ್ನು ಕೂರಿಸಿಕೊಳ್ಳುತ್ತದೆ, ಮತ್ತೆ ಹೇಳುವ ಮಾತೇ ಇಲ್ಲ. ಇನ್ನೊಂದು ತೊಡಕಿತ್ತು. ಆ ಒಂದು ಸಲ ಹೇಳಿದ ಮೇಲೆ ಫರ್ಮ್‌ವೇರ್‌ನ ಮುಖ್ಯ ಕೋಷ್ಟಕದೊಳಗಿನ ಕೆಲವು ವಿಳಾಸಗಳೇ ವರ್ಚುವಲ್ ಆಗಿಬಿಡುತ್ತವೆ. ಹಾಗಾಗಿ ಅವುಗಳ ಭೌತಿಕ, ಅಂದರೆ ಮೆಮೊರಿಯಲ್ಲಿನ ನಿಜವಾದ ವಿಳಾಸವನ್ನು ಸೆಟಪ್ ಡೇಟಾ ಎಂಬ ಚೀಟಿಯಲ್ಲಿ ಬರೆದು ದಾಟಿಸಬೇಕಾಯಿತು.

ಹತ್ತು ವರ್ಷ ಕಳೆದು 2024ರಲ್ಲಿ ಆ ಚೀಟಿಯದ್ದೇ ತಕರಾರು. ಚೀಟಿ ಇರುವ ಜಾಗವನ್ನು ಕರ್ನಲ್ ಮುಂದಿನವನಿಗೆ ಕೊಡುವ ಪಟ್ಟಿಯಲ್ಲೂ ಮೀಸಲು ಎಂದು ಬರೆಯುತ್ತಿತ್ತು. ಕೆಲಸ ಮುಗಿದ ಚೀಟಿಗೂ ಬೇಲಿ. ಅದೇ ವರ್ಷ, ಟಿಪಿಎಂ ಎಂಬ ಭದ್ರತಾ ಚಿಪ್‌ಗಾಗಿ ಬೂಟ್ ಹಂತಗಳನ್ನು ಬರೆದಿಡುವ ಲಾಗ್‌ನಲ್ಲಿ ಇದರ ಉಲ್ಟಾ ಆಯಿತು. ಲಾಗ್ ಇದ್ದ ಜಾಗಕ್ಕೆ ಪಟ್ಟಿಯಲ್ಲಿ ಬೇಲಿಯೇ ಇರಲಿಲ್ಲ, ಹೊಸ ಕರ್ನಲ್ ಖಾಲಿ ಜಾಗವೆಂದು ಅದರ ಮೇಲೇ ಬರೆಯುವ ಹಾಗಿತ್ತು. ಎರಡಕ್ಕೂ ತಿದ್ದುಪಡಿ ಬಂದಿದೆ. ನಾನಂತೂ ಪೂರ್ತಿ ರೀಬೂಟ್ ಆದಾಗಿನ ಇ820 ಸಾಲುಗಳನ್ನು ಒಂದು ಫೈಲಿನಲ್ಲಿ ಇಟ್ಟುಕೊಂಡಿದ್ದೇನೆ. ಕೆಎಕ್ಸೆಕ್ ಆದಾಗಲೆಲ್ಲ ಪಕ್ಕದಲ್ಲಿಟ್ಟು ನೋಡುತ್ತೇನೆ.